ಆರ್‌ಎಸ್‌ಸಿ ಡಿಎನ್‌ಎಯನ್ನು ಎಲ್ಲಿ ಹಿಡಿದು ಎಳೆಯುತ್ತದೆ?

ಬೇಕರಿ ಯೀಸ್ಟ್‌ನಲ್ಲಿ ನ್ಯೂಕ್ಲಿಯೊಸೋಮ್‌ಗಳನ್ನು ಸರಿಸುವ ಪ್ರೋಟೀನ್ ಸಂಕೀರ್ಣವಾದ ಆರ್‌ಎಸ್‌ಸಿ ಡಿಎನ್‌ಎ ಎಳೆಯ ಮೇಲೆ ರೈಲಿನಂತೆ ಓಡುತ್ತದೆ ಎಂದು ಕಲ್ಪಿಸಿಕೊಂಡರೆ ಪ್ರಯೋಗದ ಫಲಿತಾಂಶ ಅರ್ಥವಾಗುವುದಿಲ್ಲ. ನ್ಯೂಕ್ಲಿಯೊಸೋಮ್‌ನಲ್ಲಿ ಎಂಟು ಹಿಸ್ಟೋನ್ ಪ್ರೋಟೀನ್‌ಗಳ ಉಂಡೆಗೆ 147 ಬೇಸ್ ಜೋಡಿ ಡಿಎನ್‌ಎ ಒಂದೂಮುಕ್ಕಾಲಿಗೆ ತುಸು ಕಡಿಮೆ ಸುತ್ತು ಸುತ್ತಿರುತ್ತದೆ. ಆರ್‌ಎಸ್‌ಸಿಯ ಮೋಟಾರು ಎಸ್‌ಟಿಎಚ್1 ಹಿಡಿಯುವುದು ಈ ಸುತ್ತಿನ ಒಳಗೆ, ನಡುಬಿಂದುವಿನಿಂದ ಸುಮಾರು 20 ಬೇಸ್ ಜೋಡಿ ಆಚೆ. ಸಂಕೀರ್ಣದ ಉಳಿದ ಭಾಗ ಉಂಡೆಯನ್ನು ಹಿಡಿದಿರುವುದರಿಂದ ಮೋಟಾರು ನಿಂತಲ್ಲೇ ನಿಂತು, ಕೋಶದ ಇಂಧನವಾದ ಎಟಿಪಿಯ ಒಂದೊಂದು ಅಣುವಿಗೆ ಒಂದೆರಡು ಬೇಸ್ ಜೋಡಿಯಂತೆ ಡಿಎನ್‌ಎಯನ್ನು ಜಗ್ಗುತ್ತದೆ.

ಜೀನ್ ಓದುವಿಕೆ ಶುರುವಾಗುವ ಪ್ರೊಮೋಟರ್‌ಗಳಲ್ಲಿ ಸುಮಾರು 150 ಬೇಸ್ ಜೋಡಿ ಜಾಗ ತೆರೆದಿರುವುದರಲ್ಲಿ ಈ ಜಗ್ಗಾಟದ ಪಾಲು ದೊಡ್ಡದು. ಆರ್‌ಎಸ್‌ಸಿ3 ಉಪಘಟಕ ಸಿಜಿಸಿಜಿ ಗುರುತನ್ನು ಹಿಡಿಯುತ್ತದೆ; ಉದ್ದನೆಯ ಎ-ಟಿ ಸಾಲುಗಳೂ ದಾರಿ ತೋರುತ್ತವೆ. ಎಸ್‌ಟಿಎಚ್1 ಇಲ್ಲದೆ ಕೋಶ ಬದುಕದು. ಆರ್‌ಎಸ್‌ಸಿಯ ಸೋದರ ಸಂಕೀರ್ಣ ಎಸ್‌ಡಬ್ಲ್ಯೂಐ/ಎಸ್‌ಎನ್‌ಎಫ್‌ನ ಮೋಟಾರು ಎಸ್‌ಎನ್‌ಎಫ್2 ತೆಗೆದರೆ ಬದುಕುತ್ತದೆ, ಸುಕ್ರೋಸ್ ಮೇಲೆ ಸರಿಯಾಗಿ ಬೆಳೆಯದು.

ಉಂಡೆ ಡಿಎನ್‌ಎ ಮೇಲೆ ಎಲ್ಲಿಗೆ ಜಾರಿತೆಂದು ಜೆಲ್‌ನಲ್ಲಿ ನೋಡುವ ಪ್ರಯೋಗದಲ್ಲಿ ಹೆಚ್ಚಿನ ತಪ್ಪು ಆಗುವುದು ಆರಂಭದ ನ್ಯೂಕ್ಲಿಯೊಸೋಮ್ ಆಯ್ಕೆಯಲ್ಲಿ. ಆರ್‌ಎಸ್‌ಸಿ ಉಂಡೆಯನ್ನು ತುದಿಗೆ ತಳ್ಳುತ್ತದೆ, ಇಂಥದ್ದೇ ಇನ್ನೊಂದು ಮೋಟಾರು ಪ್ರೋಟೀನ್ ಸಿಎಚ್‌ಡಿ1 ನಡುವಿಗೆ ತರುತ್ತದೆ. ಹಾಗಾಗಿ ಆರ್‌ಎಸ್‌ಸಿಗೆ ಉಂಡೆಯನ್ನು ಬಿಗಿಯಾಗಿ ಹಿಡಿಯುವ 601 ಎಂಬ ಡಿಎನ್‌ಎ ಅನುಕ್ರಮವನ್ನು ನಡುವೆ ಇಟ್ಟು ಎರಡೂ ಬದಿ ಬಾಲ ಬಿಡಬೇಕು. ಸಿಎಚ್‌ಡಿ1ಗೆ ಅದನ್ನು ತುದಿಯಲ್ಲಿಟ್ಟು ಒಂದೇ ಬದಿ ಉದ್ದ ಬಾಲ ಬಿಡಬೇಕು. ಉಂಡೆ ಬಿಚ್ಚದಂತೆ ಓಡಿಸುವ 5% ನೇಟಿವ್ ಜೆಲ್‌ನಲ್ಲಿ ತುದಿಯದು ಬೇಗ ಓಡುತ್ತದೆ, ನಡುವಿನದು ನಿಧಾನ.

ಕ್ರಿಯೆ ನಿಲ್ಲಿಸಲು ಇಡಿಟಿಎ ಒಂದೇ ಸಾಲದು. ಅದು ಮೆಗ್ನೀಸಿಯಂ ಕಸಿದು ಮೋಟಾರನ್ನು ನಿಲ್ಲಿಸುತ್ತದೆ, ಅಷ್ಟೇ; ಸಂಕೀರ್ಣ ಮಾತ್ರ ನ್ಯೂಕ್ಲಿಯೊಸೋಮ್‌ಗೆ ಅಂಟಿಕೊಂಡೇ ಇರುತ್ತದೆ. ಆಗ ಡಿಎನ್‌ಎಯ ಸಂಕೇತ ಜೆಲ್‌ನ ಮೇಲ್ತುದಿಯ ಬಾವಿಯಲ್ಲೇ (ಮಾದರಿ ಹಾಕುವ ಗುಂಡಿ) ಉಳಿದು, ಜಾರಿಕೆಯೇ ಆಗಿಲ್ಲವೇನೋ ಎನಿಸುತ್ತದೆ. ಜೊತೆಗೆ ಸಾಕಷ್ಟು ಹೆಚ್ಚುವರಿ ಸಾಲ್ಮನ್ ಡಿಎನ್‌ಎ ಹಾಕಿದರೆ ಸಂಕೀರ್ಣ ಅದಕ್ಕೆ ಹೋಗಿ ಕೂರುತ್ತದೆ.

ಜೆಲ್‌ನಲ್ಲಿ ಉಂಡೆಯಿಲ್ಲದ ಬರಿ ಡಿಎನ್‌ಎ ಪಟ್ಟಿ ದಪ್ಪವಾಗುತ್ತಿದ್ದರೆ ಅದನ್ನು ಕಡೆಗಣಿಸಬೇಡಿ: ಆರ್‌ಎಸ್‌ಸಿ ಉಂಡೆಯನ್ನು ಜಾರಿಸುವುದಷ್ಟೇ ಅಲ್ಲ, ಕಿತ್ತೂ ಹಾಕಬಲ್ಲದು. ಎಟಿಪಿ ಇಲ್ಲದ ಸಾಲಿನಲ್ಲೂ ಅದು ಅಷ್ಟೇ ದಪ್ಪವಿದ್ದರೆ ದೋಷ ನ್ಯೂಕ್ಲಿಯೊಸೋಮ್ ತಯಾರಿಕೆಯದು. ಎಟಿಪಿ ಹೆಚ್ಚಿಸುವಾಗ ಮೆಗ್ನೀಸಿಯಂ ಅದಕ್ಕಿಂತ ಮೇಲಿರಲಿ. ಇಲ್ಲದಿದ್ದರೆ ಇಂಧನ ಹೆಚ್ಚಿದಷ್ಟೂ ಮೋಟಾರು ಕುಂಟುತ್ತದೆ.