ಎಎಫ್‌ಪಿ ನಾರ್ಮಲ್ ಬಂದ ಮೇಲೂ ಉಳಿಯುವ ಪ್ರಶ್ನೆಗಳು

ಲಿವರ್ ಕ್ಯಾನ್ಸರ್ ವಿಷಯದಲ್ಲಿ ಈಗ ಹೊಸ ಟೆಸ್ಟು, ಹೊಸ ಮಾತ್ರೆ, ಹೊಸ ಜೀನುಗಳ ಹೆಸರು ಎಷ್ಟು ಬಂದಿವೆ ಅಂದರೆ, ರಿಪೋರ್ಟ್ ಹಿಡಿದು ತುಮಕೂರಿನಿಂದ ಬೆಂಗಳೂರಿಗೆ ಓಡಾಡುವ ಮನೆಯವರಿಗೆ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಆಲ್ಫಾ ಫೀಟೋಪ್ರೋಟೀನ್, ಅಂದರೆ ಎಎಫ್‌ಪಿ, ಹೊಟ್ಟೆಯಲ್ಲಿರುವ ಮಗುವಿನ ಲಿವರ್ ತಯಾರಿಸುವ ಪ್ರೋಟೀನ್. 1963ರಲ್ಲಿ ಸೋವಿಯತ್ ವಿಜ್ಞಾನಿ ಅಬೆಲೆವ್ ತಂಡ ಇದನ್ನು ಲಿವರ್ ಗಡ್ಡೆಯಿದ್ದ ಇಲಿಗಳ ರಕ್ತದಲ್ಲಿ ಕಂಡಿತು. ಮರುವರ್ಷ ರೋಗಿಗಳಲ್ಲೂ ಸಿಕ್ಕಿತು. ಆಮೇಲೆ ರಕ್ತದಲ್ಲಿ ಕ್ಯಾನ್ಸರ್ ಸುಳಿವು ಕೊಡುವ ಪಿವ್ಕಾ-2ರಂಥ ಬೇರೆ ಗುರುತುಗಳು ಬಂದರೂ ಇವತ್ತಿಗೂ ಡಾಕ್ಟರು ಮೊದಲು ಬರೆಯುವುದು ಎಎಫ್‌ಪಿ ಟೆಸ್ಟನ್ನೇ. ಆದರೆ ಎಷ್ಟೋ ಗಡ್ಡೆಗಳು ಇದನ್ನು ತಯಾರಿಸುವುದೇ ಇಲ್ಲ. ಕ್ಯಾನ್ಸರ್ ಇಲ್ಲದೆ ಬರೀ ಹೆಪಟೈಟಿಸ್ ಇದ್ದರೂ ಏರಬಹುದು. ಜೊತೆಗೆ ಸ್ಕ್ಯಾನಿಂಗ್ ಮಾಡಿಸಿ ಅನ್ನುವುದು ಅದಕ್ಕೇ.

ಪಾವಗಡ, ಶಿರಾ, ಮಧುಗಿರಿ ಕಡೆಯವರಿಗೆ ಹತ್ತಿರದ ಕಥೆ ಇನ್ನೊಂದಿದೆ. ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ, ಆಸ್ಪರ್ಜಿಲಸ್ ಎಂಬ ಬೂಷ್ಟು ಮಣ್ಣಿನಲ್ಲೇ ಕಾಯಿಗೆ ಹತ್ತುತ್ತದೆ. ಹಸಿಹಸಿಯಾಗಿ ಮೂಟೆ ಕಟ್ಟಿದರೆ ಇನ್ನೂ ಹಬ್ಬುತ್ತದೆ. ಅದು ಬಿಡುವ ವಿಷ ಅಫ್ಲಟಾಕ್ಸಿನ್, ಲಿವರ್ ಕ್ಯಾನ್ಸರ್‌ಗೆ ಇದೂ ಒಂದು ಕಾರಣ. ಹುರಿದರೂ ಪೂರ್ತಿ ಹೋಗುವುದಿಲ್ಲ. ಮುರುಟಿದ, ಬಣ್ಣಗೆಟ್ಟ ಬೀಜದಲ್ಲಿ ಜಾಸ್ತಿ, ನೋಡಲು ಚೆನ್ನಾಗಿರುವ ಬೀಜದಲ್ಲೂ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡ್ಲೆಕಾಯಿ ಹಿಂಡಿ ತಿಂದ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದರ ಗುಟ್ಟು ಬಯಲಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ಸತ್ತರು.

1991ರಲ್ಲಿ ಎರಡು ತಂಡಗಳು ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ರೋಗಿಗಳ ಗಡ್ಡೆ ಪರೀಕ್ಷಿಸಿದವು. ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನಿನಲ್ಲಿ, ಅದೂ 249ನೇ ಜಾಗದಲ್ಲೇ, ಒಂದೇ ಬಗೆಯ ಬದಲಾವಣೆ ಮತ್ತೆ ಮತ್ತೆ ಕಂಡಿತು. ಅದು ಅಫ್ಲಟಾಕ್ಸಿನ್ ಬಿಟ್ಟುಹೋಗುವ ಗುರುತು. ಗಡ್ಡೆಯ ಜೀನ್ ನೋಡಿ ತಿಂದ ಕಾಳಿನ ಬಗ್ಗೆ ಹೇಳುವಂತಾಯಿತು! ಶಾಂಘೈನ ಅಧ್ಯಯನದಲ್ಲಿ ಅಫ್ಲಟಾಕ್ಸಿನ್ ಜೊತೆ ಹೆಪಟೈಟಿಸ್ ಬಿ ಕೂಡ ಇದ್ದವರಿಗೆ, ಎರಡೂ ಇಲ್ಲದವರಿಗೆ ಹೋಲಿಸಿದರೆ, ಲಿವರ್ ಕ್ಯಾನ್ಸರ್ ಅಪಾಯ ಸುಮಾರು 60 ಪಟ್ಟು. ಹೆಪಟೈಟಿಸ್ ಬಿ ಲಸಿಕೆ ನಮ್ಮಲ್ಲಿ ದೇಶದ ಎಲ್ಲ ಮಕ್ಕಳಿಗೂ ಅಂತ ಆಗಿದ್ದು 2011ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಎಷ್ಟೋ ಜನರಿಗೆ ಸಿಕ್ಕಿಲ್ಲ. ಇನ್ನು ಬೂಷ್ಟು ತಡೆಯಲು ಬೀಜದ ತೇವಾಂಶ ಶೇ 8ಕ್ಕೆ ಇಳಿಯುವ ತನಕ ಒಣಗಿಸಬೇಕು ಅಂತ ಹೇಳುವುದು ಸುಲಭ. ಒಣಗಿದಷ್ಟೂ ತೂಕ ಇಳಿಯುತ್ತದೆ. ಆ ನಷ್ಟ ತುಂಬುವ ಬೆಲೆ ಸಿಗದಿದ್ದರೆ ರೈತ ಯಾಕೆ ಕಾಯಬೇಕು, ಅಲ್ವಾ?

ಔಷಧಿ ಬಂದಿದ್ದು ತಡವಾಗಿ. 2007ರಲ್ಲಿ ಒಪ್ಪಿಗೆ ಪಡೆದ ಸೊರಾಫೆನಿಬ್, ಪ್ರಯೋಗದಲ್ಲಿ ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿಯನ್ನು 7.9 ತಿಂಗಳಿಂದ 10.7ಕ್ಕೆ ಏರಿಸಿತ್ತು. ಆಗ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿತ್ತು. 2012ರಲ್ಲಿ, ಪೇಟೆಂಟ್ ಇದ್ದರೂ ಸರ್ಕಾರ ಕೊಡುವ ಕಡ್ಡಾಯ ಪರವಾನಗಿ ಮೂಲಕ ಬೇರೆ ಕಂಪನಿ ತಯಾರಿಸುವಂತಾಗಿ 8,880 ರೂಪಾಯಿಗೆ ಸಿಕ್ಕಿತು. ಬೆಲೆ ಇಳಿಯಿತು, ಗಡ್ಡೆ ಮಣಿಯಲಿಲ್ಲ. ಬೆಳೆಯಲು ಹೇಳುವ ಒಂದು ಸಂಕೇತವನ್ನು ಔಷಧಿ ತಡೆದರೆ, ಗಡ್ಡೆ ಇನ್ನೊಂದು ದಾರಿ ಹಿಡಿಯುತ್ತದೆ, ಉದಾಹರಣೆಗೆ ಬೆಳೆಯುವ ಸಂಕೇತ ಹಿಡಿಯುವ ಇಜಿಎಫ್‌ಆರ್ ಎಂಬ ಪ್ರೋಟೀನಿನ ದಾರಿ. ಲೆನ್ವಾಟಿನಿಬ್ ಎಂಬ ಇನ್ನೊಂದು ಲಿವರ್ ಕ್ಯಾನ್ಸರ್ ಔಷಧಿಗೂ ಇದೇ ಗತಿ ಎಂದು 2021ರಲ್ಲಿ ಗೊತ್ತಾಯಿತು. ಆ ಎರಡನೇ ದಾರಿಯನ್ನೂ ಮುಚ್ಚಲು ಇಜಿಎಫ್‌ಆರ್ ತಡೆಯುವ ಗೆಫಿಟಿನಿಬ್ ಎಂಬ ಔಷಧಿಯನ್ನೂ ಲೆನ್ವಾಟಿನಿಬ್ ಜೊತೆಗೆ ಕೊಟ್ಟು ನೋಡಿದರು. ಕೆಲವರಲ್ಲಿ ಗಡ್ಡೆ ಕುಗ್ಗಿತು.

ಯಾರ ಗಡ್ಡೆ ಯಾವ ದಾರಿ ಹಿಡಿದಿದೆ ಅಂತ ತಿಳಿಯಲು ಅದರ ಚೂರು ಬೇಕು. ಲಿವರ್ ಕ್ಯಾನ್ಸರನ್ನು ಹೆಚ್ಚಾಗಿ ಸ್ಕ್ಯಾನಿನಲ್ಲೇ ಗುರುತಿಸುವುದರಿಂದ ಬಯಾಪ್ಸಿ ಮಾಡುವುದೇ ಕಡಿಮೆ. ಔಷಧಿ ಸೋತ ಮೇಲಂತೂ ಇನ್ನೂ ಅಪರೂಪ. ಅದಕ್ಕೇ ಈಗ ರಕ್ತದಲ್ಲಿ ಸುತ್ತುವ ಗಡ್ಡೆಯ ಡಿಎನ್‌ಎ ಚೂರುಗಳನ್ನು ಹುಡುಕುತ್ತಿದ್ದಾರೆ. ಆ 249ನೇ ಜಾಗದ ಬದಲಾವಣೆ ಹೀಗೆ ರಕ್ತದಲ್ಲೂ ಸಿಕ್ಕಿದೆ.