ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸಬೇಕಾ?

ಪ್ರಶ್ನೆ: ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ದಿನಾ ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಲು ಕೂರಿಸುತ್ತೇನೆ. ಆದರೂ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಇನ್ನೂ ಬೇಗ ಎಬ್ಬಿಸಬೇಕಾ? (ಒಬ್ಬ ತಾಯಿ, ಜಮಖಂಡಿ ತಾಲ್ಲೂಕು)

ಬೇಡ. ಬೇಗ ಎಬ್ಬಿಸುವುದು ಬಿಟ್ಟು ಬೇಗ ಮಲಗಿಸಿ.

ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ಗೊತ್ತು. ಡಿಸೆಂಬರ್ ಬಂತೆಂದರೆ ಪಾಲಕರ ಸಭೆಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಇದೇ ಮಾತು: "ಸರ್, ನಾಲ್ಕಕ್ಕ ಎಬ್ಬಸ್ತೀನ್ರಿ, ಆದ್ರೂ ನೆನಪ ಇರಂಗಿಲ್ರಿ." ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ, ಮರುದಿನ ಮತ್ತೆ ನಾಲ್ಕಕ್ಕೇ ಅಲಾರಂ. ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಮೊದಲು ಲೆಕ್ಕ ಹಾಕೋಣ. ವಿಶೇಷ ತರಗತಿ ಮುಗಿಸಿ ಹುಡುಗ ಮನೆ ಸೇರುವಾಗ ಸಂಜೆ ಆರು. ಊಟ ಒಂಬತ್ತಕ್ಕೆ. ಆಮೇಲೆ ಧಾರಾವಾಹಿ, ಮೊಬೈಲ್. ಮಲಗುವಾಗ ಹನ್ನೊಂದು. ನಾಲ್ಕಕ್ಕೆ ಎಬ್ಬಿಸಿದರೆ ಸಿಕ್ಕ ನಿದ್ದೆ ಐದೇ ಗಂಟೆ. 13ರಿಂದ 18 ವರ್ಷದ ಮಕ್ಕಳಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಅಂದರೆ ಹುಡುಗನಿಗೆ ದಿನಾ ಕಡಿಮೆ ಎಂದರೂ ಮೂರು ಗಂಟೆ ಖೋತಾ.

"ನಮ್ಮಜ್ಜ ನಾಲ್ಕಕ್ಕ ಏಳ್ತಿದ್ದಾ" ಅನ್ನುತ್ತೀರಿ. ಏಳುತ್ತಿದ್ದರು, ನಿಜ. ಆದರೆ ಅವರ ಮನೆಯಲ್ಲಿ ಕರೆಂಟ್ ಇರಲಿಲ್ಲ. ಕಂದೀಲಿನ ಎಣ್ಣೆ ಸುಮ್ನೆ ಯಾಕೆ ಸುಡಬೇಕು ಅಂತ ಎಂಟಕ್ಕೇ ಮಲಗುತ್ತಿದ್ದರು. ಎಂಟರಿಂದ ನಾಲ್ಕು ಅಂದರೆ ಎಂಟು ಗಂಟೆ ನಿದ್ದೆ. ನಾವು ಅಜ್ಜ ಏಳುವ ಹೊತ್ತು ಮಾತ್ರ ನೆನಪಿಟ್ಟುಕೊಂಡೆವು, ಮಲಗುವ ಹೊತ್ತು ಮರೆತೆವು.

ಇನ್ನು "ನಸುಕಿನಲ್ಲಿ ಓದಿದ್ದು ನೇರ ತಲೆಗೆ ಹತ್ತುತ್ತೆ" ಅನ್ನುವ ಮಾತು. ಓದಿದ್ದು ಗಟ್ಟಿಯಾಗುವುದು ಹೆಚ್ಚಾಗಿ ಓದಿ ಮಲಗಿದ ಮೇಲೆ. 1924ರಷ್ಟು ಹಿಂದೆಯೇ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇದನ್ನು ಪರೀಕ್ಷಿಸಿದ್ದರು. ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಕೆಲವು ಸಲ ಮಲಗಿಸಿದರು, ಕೆಲವು ಸಲ ಎಚ್ಚರವಾಗಿ ಬಿಟ್ಟರು. ಮಲಗಿ ಎದ್ದಾಗಲೇ ಜಾಸ್ತಿ ನೆನಪಿತ್ತು. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು, ಕೊನೆಯ ಭಾಗದಲ್ಲಿ ಕನಸಿನ ನಿದ್ದೆ ಹೆಚ್ಚು. ಮಿದುಳಿಗೆ ಎರಡೂ ಬೇಕು. ಹನ್ನೊಂದಕ್ಕೆ ಮಲಗಿದವನನ್ನು ನಾಲ್ಕಕ್ಕೆ ಎಬ್ಬಿಸಿದರೆ ಕನಸಿನ ನಿದ್ದೆಯ ದೊಡ್ಡ ಪಾಲೇ ಹೋಯಿತು. ನಿನ್ನೆ ಕಲಿತದ್ದನ್ನು ಕೆಡಿಸಿ ಇವತ್ತಿನದನ್ನು ತುಂಬಲು ಕೂತ ಹಾಗಾಯಿತು ಅಲ್ವಾ?

ಹರೆಯದ ಮಕ್ಕಳ ಮೈಯೂ ಬೇರೆ ಥರ. ಆ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಹುಡುಗ ಏಳಲು ಒದ್ದಾಡುವುದು ಸೋಮಾರಿತನದಿಂದಲ್ಲ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳನ್ನು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರು ಮಾಡುವಂತಿಲ್ಲ ಎಂಬ ಕಾನೂನಿದೆ. ನಮ್ಮಲ್ಲಿ ಎಷ್ಟೋ ಮೇಷ್ಟ್ರು ನಸುಕಿನಲ್ಲೇ ಮಕ್ಕಳ ಮನೆಗೆ ಫೋನ್ ಮಾಡಿ "ಎದ್ದ್ಯೇನಪ್ಪಾ?" ಅಂತ ಕೇಳುತ್ತಾರೆ. ಅವರ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಫೋನ್ ರಾತ್ರಿ ಒಂಬತ್ತೂವರೆಗೆ "ಮಲಗಿದ್ಯೇನಪ್ಪಾ?" ಅಂತ ಹೋಗಬೇಕು.

ಇಷ್ಟಾದರೂ ನಾಲ್ಕರ ಓದು ಯಾಕೆ ಕೆಲಸ ಮಾಡಿದಂತೆ ಕಾಣುತ್ತೆ? ಟೆಸ್ಟ್ ದಿನ ನಸುಕಿನಲ್ಲಿ ಓದಿದ್ದು ಹತ್ತು ಗಂಟೆಗೆ ಇನ್ನೂ ಹಸಿಯಾಗಿರುತ್ತದೆ. ಬರೆದು ಬರುತ್ತಾನೆ, ನಿಮಗೆ ನಂಬಿಕೆ ಗಟ್ಟಿಯಾಗುತ್ತದೆ. ವಾರದ ನಂತರ ಯಾರೂ ಕೇಳುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು ಅದನ್ನೇ ಕೇಳಿ ನೋಡಿದರು. ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಬರೀ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಸಲ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಬರೀ ಓದಿದವರೇ ಮುಂದೆ: ಅವರಿಗೆ ಶೇ. 83ರಷ್ಟು ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ. 71. ವಾರದ ನಂತರ ಓದಿದವರು ಶೇ. 40ಕ್ಕೆ ಇಳಿದರು, ನೆನಪಿಸಿಕೊಂಡವರು ಶೇ. 61ರಲ್ಲಿ ನಿಂತರು.

ಆದ್ದರಿಂದ ಎಷ್ಟು ಹೊತ್ತಿಗೆ ಎದ್ದ ಅನ್ನುವುದಕ್ಕಿಂತ ಓದುವಾಗ ಏನು ಮಾಡುತ್ತಾನೆ ಅನ್ನುವುದು ಮುಖ್ಯ. ನಾಲ್ಕಕ್ಕೆ ಎದ್ದ ಹುಡುಗನನ್ನು ಒಮ್ಮೆ ಹತ್ತಿರ ಹೋಗಿ ನೋಡಿ. ಚಾದರ ಹೊದ್ದು ಗೋಡೆಗೆ ಒರಗಿರುತ್ತಾನೆ. ತುಟಿ ಅಲ್ಲಾಡುತ್ತಿರುತ್ತದೆ, ಹಾಳೆ ತಿರುವುತ್ತಿರುತ್ತಾನೆ. ಪುಸ್ತಕ ಮುಚ್ಚಿ ಕೇಳಿ: "ಹಲಗಲಿ ಬೇಡರು ಯಾಕ ದಂಗೆ ಎದ್ರೋ?" ಹಲಗಲಿ ಇಲ್ಲೇ ಮುಧೋಳ ತಾಲ್ಲೂಕಿನದು, ಪಾಠದಲ್ಲೂ ಇದೆ. ಆದರೂ ಬಾಯಿ ಬರುವುದಿಲ್ಲ. ಅದೇ ಹುಡುಗ ಸಂಜೆ ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಪಾಟಿ ಮೇಲೆ ತನ್ನ ಮಾತಿನಲ್ಲೇ ಬರೆಯಲಿ: 1857ರಲ್ಲಿ ಬ್ರಿಟಿಷರು ಅನುಮತಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದು ಎಂದರು, ಬೇಟೆಯಾಡಿ ಬದುಕುವವರು ಆಯುಧ ಒಪ್ಪಿಸಲು ಒಪ್ಪಲಿಲ್ಲ. ತಪ್ಪಿದ್ದನ್ನು ತಾನೇ ತೆರೆದು ತಿದ್ದಲಿ. ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ "ಪಾಸಿಂಗ್ ಪ್ಯಾಕೇಜ್" ಓದುವ ಮಕ್ಕಳಿಗೂ ಇದೇ ದಾರಿ.

ಒಂಬತ್ತಕ್ಕೆ ಮಲಗಿ ಐದಕ್ಕೆ ತಾನಾಗಿ ಏಳುವ ಮಗು ಇದ್ದರೆ ಖಂಡಿತ ಓದಲಿ. ಆ ಹೊತ್ತಿನ ಶಾಂತಿ ನಿಜವಾದ ಲಾಭ. ಕಬ್ಬಿಗೆ ನೀರು ಹಾಯಿಸಲು ಅಪ್ಪ ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾದು ಮೋಟಾರ್ ಹಚ್ಚಲು ಹೋದಾಗ ಇಡೀ ಮನೆ ಎದ್ದಿರುತ್ತದಲ್ಲ, ಅಂಥ ರಾತ್ರಿಯ ಮರುದಿನ ಬೆಳಿಗ್ಗೆ ಓದು ಬೇಡ, ಮಗುವನ್ನು ಮಲಗಲು ಬಿಡಿ.

ಈಗ ಯಾರೂ ಕೇಳದ ಒಂದು ಮಾತು. ನನ್ನ ಬಳಿ ಬರುವ ಪ್ರಶ್ನೆ ಯಾವಾಗಲೂ ಮಗನದು. ಮಗಳನ್ನು ಎಷ್ಟಕ್ಕೆ ಎಬ್ಬಿಸಲಿ ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಅವಳು ಆಗಲೇ ಎದ್ದಿರುತ್ತಾಳೆ. ಅಂಗಳ ಕಸ ಹೊಡೆಯಬೇಕು. ನಳ ಬರುವ ದಿನವಾದರೆ ಕೊಡ ತುಂಬಬೇಕು. ಅವ್ವ ಕೂಲಿಗೆ ಹೋಗುವ ಮನೆಯಲ್ಲಿ ರೊಟ್ಟಿಯನ್ನೂ ಅವಳೇ ಬಡಿಯಬೇಕು. ಆಮೇಲೆ ಬಸ್ಸು ಹಿಡಿದು ಶಾಲೆ. ಮೊದಲ ಪಿರಿಯಡ್ಡಿನಲ್ಲಿ ಅವಳು ತೂಕಡಿಸಿದರೆ ಬೈಯಲು ನನಗೆ ಮನಸ್ಸೇ ಬರುವುದಿಲ್ಲ. ಇಷ್ಟರ ಮೇಲೂ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷ ಹುಡುಗಿಯರೇ ಮುಂದಿರುತ್ತಾರೆ. ಅದನ್ನು ನೋಡಿ ಅವಳಿಗೆ ನಿದ್ದೆ ಬೇಡ ಅಂದುಕೊಳ್ಳಬೇಡಿ. ನಿದ್ದೆ ಸಿಕ್ಕರೆ ಅವಳು ಇನ್ನೂ ಎಷ್ಟು ಕಲಿಯಬಹುದು ಅಂತ ಯೋಚಿಸಿ. ಕೊಡ ತುಂಬಲು, ಕಸ ಹೊಡೆಯಲು ಮಗನಿಗೂ ಕೈಯಿವೆ. ವಾರಕ್ಕೆ ಮೂರು ದಿನ ಅವನ ಪಾಳಿ, ಮೂರು ದಿನ ಅವಳ ಪಾಳಿ, ಭಾನುವಾರ ಅಪ್ಪನದು ಅಂತ ಈ ವಾರವೇ ಹಂಚಿಬಿಡಿ.