ಕೂದಲು ತೆಳುವಾಗುತ್ತಿದೆ, ಲೇಸರ್‌ಗೆ ದುಡ್ಡು ಹಾಕಬಹುದೇ?

ಪ್ರಶ್ನೆ: ನಾನು ಸಿಂಧನೂರಿನವಳು, ವಯಸ್ಸು 36. ಎರಡು ವರ್ಷದಿಂದ ಬೈತಲೆ ಅಗಲವಾಗುತ್ತಾ ಬಂದಿದೆ. ಬಳ್ಳಾರಿಯ ಕ್ಲಿನಿಕ್ಕೊಂದರಲ್ಲಿ ತಿಂಗಳಿಗೆ ಎರಡು ಸಲದಂತೆ ಆರು ತಿಂಗಳ ಲೇಸರ್ ಪ್ಯಾಕೇಜ್ ಹೇಳಿದ್ದಾರೆ. ಮಾಡಿಸಲೇ?

ಉತ್ತರ: ಆ ಪ್ಯಾಕೇಜ್ ಬೇಡ. ಲೇಸರ್ ಸುಳ್ಳು ಚಿಕಿತ್ಸೆಯಲ್ಲ, ಆದರೆ ತಿಂಗಳಿಗೆ ಎರಡು ಸಲ ಏನೇನೂ ಸಾಲದು.

ಇದಕ್ಕೆ ಬಳಸುವುದು ಸುಮಾರು 650 ನ್ಯಾನೋಮೀಟರಿನ ಕೆಂಪು ಬೆಳಕು. ಚರ್ಮ ಸುಡುವಷ್ಟು ಶಕ್ತಿ ಅದಕ್ಕಿಲ್ಲ. ಕೂದಲ ಬೇರಿನ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಈ ಬೆಳಕನ್ನು ಹೀರಿಕೊಂಡು ಚುರುಕಾಗುತ್ತವೆ ಎಂಬುದು ಸದ್ಯದ ವಿವರಣೆ. ಈ ಬೆಳಕು ಬೀರುವ ಲೇಸರ್ ಬಾಚಣಿಗೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಗಂಡಸರಿಗೆ, 2011ರಲ್ಲಿ ಹೆಂಗಸರಿಗೆ ಅನುಮತಿ ಕೊಟ್ಟಿತು. 2014ರಲ್ಲಿ ಪ್ರಕಟವಾದ, ಅದೇ ಬಾಚಣಿಗೆಯ ಅಧ್ಯಯನದಲ್ಲಿ ವಾರಕ್ಕೆ ಮೂರು ಸಲದಂತೆ 26 ವಾರ ಬಳಸಿದ ಹೆಂಗಸರಿಗೆ ಚದರ ಸೆಂಟಿಮೀಟರಿಗೆ ಸುಮಾರು 20 ಕೂದಲು ಹೆಚ್ಚಾದವು. ಹೋಲಿಕೆಗೆಂದು ಕೊಟ್ಟ ನಕಲಿ ಯಂತ್ರ ಬಳಸಿದವರಿಗೆ ಹೆಚ್ಚಾದದ್ದು ಸುಮಾರು 3. ಅಧ್ಯಯನಕ್ಕೆ ಹಣ ಕೊಟ್ಟದ್ದು ಯಂತ್ರ ಮಾಡಿದ ಕಂಪನಿಯೇ ಎಂಬುದನ್ನೂ ಮರೆಯಬಾರದು. ಆರೋಗ್ಯವಂತ ತಲೆಯಲ್ಲಿ ಅಷ್ಟೇ ಜಾಗದಲ್ಲಿ 150ಕ್ಕೂ ಹೆಚ್ಚು ಕೂದಲಿರುತ್ತವೆ. ಹಾಗಾಗಿ 20 ಹೆಚ್ಚಾದರೆ ಬೈತಲೆ ತುಸು ಕಿರಿದಾಗಿ ಕಂಡೀತು, ಹಳೆಯ ಜಡೆ ಮರಳಿ ಬಾರದು.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಸಂಬಂಧಿಸಿದ್ದು. ಆ ಬಾಚಣಿಗೆಯ ಅನುಮತಿ ಬಿಳಿಯಿಂದ ತಿಳಿಗಂದು ಬಣ್ಣದವರೆಗಿನ ಚರ್ಮಕ್ಕೆ ಮಾತ್ರ. ರಾಯಚೂರು, ಬಳ್ಳಾರಿ ಸೀಮೆಯ ಬಹಳ ಜನರ ಚರ್ಮ ಅದಕ್ಕಿಂತ ಕಪ್ಪು. ಕಪ್ಪು ಬಣ್ಣ ಬೆಳಕನ್ನು ಮೇಲೆಯೇ ಹೀರುತ್ತದೆ. ಹೀಗಾಗಿ ಅಲ್ಲಿಯ ಅಂಕಿಯನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ.

ಮೊದಲು ಕಾರಣ ಗೊತ್ತಾಗಲಿ. ತಲೆಸ್ನಾನ ಮಾಡಿ ಒಂದು ದಿನ ಕಳೆದ ಮೇಲೆ ಸುಮಾರು 60 ಕೂದಲನ್ನು ಬುಡದ ಹತ್ತಿರ ಹಿಡಿದು, ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಆರಕ್ಕಿಂತ ಹೆಚ್ಚು ಕೈಗೆ ಬಂದು, ಬುಡದಲ್ಲಿ ಬಿಳಿ ಗುಬುಟು ಕಂಡರೆ ಅದು ಬೇರಿನಿಂದಲೇ ಉದುರುವುದು. ಹೆರಿಗೆ, ಡೆಂಗಿ, ಟೈಫಾಯ್ಡ್ ಆದ ಎರಡು ಮೂರು ತಿಂಗಳಿಗೆ ಹೀಗಾಗುತ್ತದೆ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಅದಕ್ಕೆ ಲೇಸರ್ ಬೇಕಿಲ್ಲ. ಗುಬುಟಿಲ್ಲದೆ ನಡುವೆ ತುಂಡಾಗಿದ್ದರೆ ಅದು ಕೂದಲು ಒರಟಾಗಿ ಮುರಿಯುವುದು. ಬೋರ್‌ವೆಲ್‌ನ ಗಡಸು ನೀರು ಮಾಡುವುದು ಇಷ್ಟನ್ನೇ, ಬೇರನ್ನು ಸಾಯಿಸುವುದಿಲ್ಲ. ಊರೆಲ್ಲ ಬೋರಿನ ನೀರನ್ನೇ ದೂರುವುದರಿಂದ ಎಷ್ಟೋ ಹೆಂಗಸರ ರಕ್ತಹೀನತೆ ತಪಾಸಣೆಯೇ ಆಗದೆ ಉಳಿಯುತ್ತದೆ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಥೈರಾಯ್ಡ್ ಮೂರನ್ನೂ ಪರೀಕ್ಷಿಸಿ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ನಲ್ಲಿ ಚರ್ಮರೋಗ ತಜ್ಞರಿಗೆ ತೋರಿಸಬಹುದು.

ನಿಮ್ಮಂತೆ ನಿಧಾನವಾಗಿ ಬೈತಲೆ ಅಗಲವಾಗುವುದು ಬಹುತೇಕ ವಂಶವಾಹಿ ತೆಳುವಾಗುವಿಕೆ. ಇದಕ್ಕೆ ಮೊದಲ ಮದ್ದು ಮಿನಾಕ್ಸಿಡಿಲ್, ಲೇಸರ್‌ಗಿಂತ ಬಹಳ ಅಗ್ಗ. ಹೆಂಗಸರಿಗೆ 2 ಶೇಕಡಾ ದ್ರಾವಣ ದಿನಕ್ಕೆ ಎರಡು ಸಲ, ಸಲಕ್ಕೆ 1 ಮಿಲಿ, ಒಣಗಿದ ನೆತ್ತಿಯ ಚರ್ಮಕ್ಕೆ. ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಬಹಳ ಜನ ಅಲ್ಲೇ ಹೆದರಿ ಬಿಡುತ್ತಾರೆ. ಬಸಿರಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಬೇಡ.

ಆರು ತಿಂಗಳು ಮದ್ದು ಹಚ್ಚಿಯೂ ಸಾಲದೆನಿಸಿದರೆ ಅದರ ಜೊತೆಗೆ ಲೇಸರ್ ಸೇರಿಸಬಹುದು, ಆದರೆ ಮನೆಯಲ್ಲೇ ಬಳಸುವ ಯಂತ್ರ ಕೊಳ್ಳಿ. ಪೆಟ್ಟಿಗೆಯ ಮೇಲೆ ಬೆಳಕಿನ ತರಂಗಾಂತರ (ನ್ಯಾನೋಮೀಟರ್ ಅಂಕಿ) ನಮೂದಿಸಿರಬೇಕು. ಬರೀ ಕೆಂಪು ಎಲ್‌ಇಡಿ ಹಾಕಿ ಲೇಸರ್ ಎಂದು ಮಾರುವವರೂ ಇದ್ದಾರೆ. ಎಣ್ಣೆ ಹಚ್ಚಿದ ತಲೆಗೆ ಹಾಕಬೇಡಿ. ಕೂದಲೇ ಬೆಳಕಿಗೆ ಅಡ್ಡವಾಗುವುದರಿಂದ ಬೈತಲೆ ತೆಗೆದು ಚರ್ಮ ಕಾಣುವಂತೆ ಮಾಡಿಕೊಳ್ಳಿ. ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಲಾಭ ಹೆಚ್ಚುವುದಿಲ್ಲ, ಕುಗ್ಗಲೂಬಹುದು. ಕಿರಣವನ್ನು ನೇರ ನೋಡಬೇಡಿ.

ಶುರು ಮಾಡುವ ದಿನ, ಒಣ ಕೂದಲಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಬೈತಲೆಯ ಫೋಟೋ ತೆಗೆದಿಡಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ತೆಗೆಯಿರಿ. 26 ವಾರಕ್ಕೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಕಂಡರೆ ಮುಂದುವರಿಸಲೇಬೇಕು, ಬಿಟ್ಟರೆ ಬಂದದ್ದೂ ಹೋಗುತ್ತದೆ. ನಡುವೆ ನೆತ್ತಿ ನುಣುಪಾಗಿ ಹೊಳೆಯತೊಡಗಿದರೆ, ಉರಿ ಇಲ್ಲವೇ ಕೀವು ಕಂಡರೆ, ಯಂತ್ರ ಪಕ್ಕಕ್ಕಿಟ್ಟು ಅದೇ ವಾರ ತಜ್ಞರಿಗೆ ತೋರಿಸಿ. ಆ ಬಗೆಯ ಕಾಯಿಲೆಯಲ್ಲಿ ಬೇರು ಸತ್ತರೆ ಮತ್ತೆ ಹುಟ್ಟುವುದಿಲ್ಲ.